ಕತ್ತಲೆಯಲ್ಲಿ ಸಿಡಿದ ಗುಂಡು

ಪತ್ತೇದಾರಿ ಕಾದಂಬರಿಗಳ ವಾಚಕರಿಗೆ ಈ ಸನ್ನಿವೇಶ ಹೊಸದೇನೂ ಅಲ್ಲ. ಅಮಾವಾಸ್ಯೆಯ ರಾತ್ರಿ, ಊರ ಹೊರಗೊಂದು ಹಾಳು ಬಂಗಲೆ, ಒಳಗೆಲ್ಲ ಕಗ್ಗತ್ತಲೆ. ಎಲ್ಲಿಯೋ ಹೆಜ್ಜೆಯ ಸಪ್ಪಳವಾಗುತ್ತದೆ. ಪತ್ತೇದಾರನ ಕೈಯಲ್ಲಿದ್ದ ಪಿಸ್ತೂಲು 'ಢಂ' ಎಂದು ಸಿಡಿಯುತ್ತದೆ. ಮರುಕ್ಷಣವೇ ಖದೀಮನು ಮಹಡಿಯ ಮೆಟ್ಟಿಲನ್ನು ಹತ್ತಿ ಓಡುತ್ತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಎರಡನೆಯ ಗುಂಡು ಆ ಖದೀಮನ ಕಾಲಿಗೆ ಸರಿಯಾಗಿ ತಗಲುತ್ತದೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ನಾವು ಮುಂದಿನ ವಾರಕ್ಕಾಗಿ ಕಾದು ಕೂರುತ್ತೇವೆ.

ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯವಿರಲೇಬೇಕು. ಅದನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಿಜವಾದ ಕತ್ತಲೆಯಲ್ಲಿ ನಿಜವಾದ ಪಿಸ್ತೂಲು ಸಿಡಿದಾಗ, ಅದನ್ನು ಹಿಡಿದವನ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬ ಪ್ರಶ್ನೆ ಕುತೂಹಲಕರವಾದುದು. ಅದರ ಬೆನ್ನುಹತ್ತಿ ಹೊರಟರೆ ಮೊದಲು ರಸಾಯನಶಾಸ್ತ್ರ, ಆಮೇಲೆ ಶರೀರಶಾಸ್ತ್ರ, ಅದಾದ ಮೇಲೆ ಪೊಲೀಸರ ಅನುಭವ ಎದುರಾಗುತ್ತವೆ. ಕಟ್ಟಕಡೆಗೆ ಆ ಪ್ರಶ್ನೆ ಗೃಹಸ್ಥರ ಮನೆಯ ಮಲಗುವ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಬೆಂಕಿ ಬರುವುದೆಲ್ಲಿಂದ?

ಪಿಸ್ತೂಲಿನ ತೋಟಾದಲ್ಲಿ ಮುಂದುಗಡೆ ಗುಂಡು, ಅದರ ಹಿಂದೆ ಚಿಟಿಕೆಯಷ್ಟು ಮದ್ದು ಇರುತ್ತದೆ. ಪಿಸ್ತೂಲಿನ ಕುದುರೆಯನ್ನು ಎಳೆದೊಡನೆ ಆ ಮದ್ದು ಹೊತ್ತಿಕೊಂಡು, ಎರಡು ಸಾವಿರ ಡಿಗ್ರಿ ಸೆಂಟಿಗ್ರೇಡನ್ನೂ ಮೀರಿದ ಕಾವಿನ ಅನಿಲವಾಗಿ ಹಿಗ್ಗುತ್ತದೆ. ಹೀಗೆ ಹಿಗ್ಗಿದ ಅನಿಲವೇ ಗುಂಡನ್ನು ನಳಿಗೆಯಿಂದ ಹೊರಕ್ಕೆ ನೂಕುವುದು. ಗುಂಡು ನಳಿಗೆಯ ಬಾಯಿಂದ ಹೊರಬಿದ್ದ ಕೂಡಲೇ ಅದರ ಬೆನ್ನಿಗೇ ಈ ಅನಿಲವೂ ನುಗ್ಗಿ ಬರುತ್ತದೆ. ನಾವು ನೋಡುವ ಉರಿಯ ಮಿಂಚಿನ ಮೊದಲ ಭಾಗವೆಂದರೆ ಕೆಂಪಗೆ ಕಾದ ಈ ಅನಿಲದ ಹೊಳಪೇ. ಹೊರಬಂದ ಅನಿಲ ಸುತ್ತಲ ಗಾಳಿಗೆ ಡಿಕ್ಕಿ ಹೊಡೆದು ಮತ್ತೆ ಒತ್ತಡಕ್ಕೆ ಸಿಲುಕಿದಾಗ ಪುನಃ ಕಾಯ್ದು, ನಳಿಗೆಯಿಂದ ತುಸು ಮುಂದೆ ಇನ್ನೊಮ್ಮೆ ಬೆಳಗುತ್ತದೆ. ಇದು ಎರಡನೆಯ ಭಾಗ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಸೌದೆ ಒಲೆಯನ್ನು ಬಲ್ಲ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಹಸಿ ಸೌದೆ ಒಲೆಯಲ್ಲಿ ಹೊಗೆಯಾಡುತ್ತಿರುತ್ತದೆ. ಊದುಕೊಳವೆಯಿಂದ ನಾಲ್ಕು ಸಲ ಊದಿದೊಡನೆ ಆ ಹೊಗೆಯೇ 'ಭಗ್' ಎಂದು ಹೊತ್ತಿಕೊಳ್ಳುತ್ತದೆ. ಹೊಗೆಯಲ್ಲಿ ಉರಿಯಬಲ್ಲ ಅನಿಲ ಮೊದಲೇ ಇತ್ತು. ಅದಕ್ಕೆ ಬೇಕಾಗಿದ್ದುದು ಗಾಳಿ ಮಾತ್ರ. ಪಿಸ್ತೂಲಿನಲ್ಲಿ ಆಗುವುದೂ ಇದೇ. ಮದ್ದು ಉರಿದು ಹುಟ್ಟಿದ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್, ಜಲಜನಕ ಮೊದಲಾದುವು ಬೇಕಾದಷ್ಟಿರುತ್ತವೆ. ನಳಿಗೆಯೊಳಗೆ ಅವಕ್ಕೆ ಸಾಕಷ್ಟು ಆಮ್ಲಜನಕ ದೊರೆತಿರುವುದಿಲ್ಲ. ಹೊರಗೆ ಬಂದು ಗಾಳಿಯೊಡನೆ ಬೆರೆತೊಡನೆ ಅವು ಹೊತ್ತಿಕೊಂಡು ಚೆಂಡಿನಾಕಾರದ ಉರಿಯಾಗಿ ಅರಳುತ್ತವೆ. ಕತ್ತಲೆಯಲ್ಲಿ ಕಣ್ಣನ್ನು ಕೋರೈಸುವುದು ಮುಖ್ಯವಾಗಿ ಈ ಮೂರನೆಯ ಉರಿಯೇ. ಇಷ್ಟೆಲ್ಲವೂ ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಕಾಲದಲ್ಲಿ ನಡೆದು ಮುಗಿಯುತ್ತದೆ.

ನಳಿಗೆ ಗಿಡ್ಡವಾದಷ್ಟೂ ಈ ಉರಿ ಹೆಚ್ಚು. ಉದ್ದ ನಳಿಗೆಯ ಬಂದೂಕಿನಲ್ಲಿ ಅನಿಲ ಹಿಗ್ಗಿ ತಣಿಯಲು ಅವಕಾಶವುಂಟು; ನಾಲ್ಕೈದು ಅಂಗುಲದ ಪಿಸ್ತೂಲಿನಲ್ಲಿ ಆ ಅವಕಾಶವಿಲ್ಲ. ಗುಂಡು ಬೇಗ ಹೊರಬೀಳುವುದರಿಂದ ಅನಿಲ ಇನ್ನೂ ಹೆಚ್ಚಿನ ಕಾವಿನಲ್ಲಿ, ಹೆಚ್ಚಿನ ಒತ್ತಡದಲ್ಲಿ ಹೊರಗೆ ನುಗ್ಗುತ್ತದೆ. ರಿವಾಲ್ವರಿನಲ್ಲಾದರೋ ತೋಟಾಗಳ ತಿರುಗಣೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುವುದರಿಂದ ಪಕ್ಕದಿಂದಲೂ ಉರಿ ಚಿಮ್ಮುತ್ತದೆ. ಕೈಯಲ್ಲಿ ಹಿಡಿಯುವ ಆಯುಧ ಚಿಕ್ಕದಾದಷ್ಟೂ ಒಯ್ಯಲು ಅನುಕೂಲವೇನೋ ಸರಿ. ಆ ಅನುಕೂಲಕ್ಕೆ ರಾತ್ರಿಯ ಹೊತ್ತು ಕಣ್ಣು ಬೆಲೆ ತೆರಬೇಕಾಗುತ್ತದೆ.

ಸೈನ್ಯದವರಿಗೆ ಈ ಸಂಗತಿ ಅನುಭವದಿಂದಲೇ ಗೊತ್ತಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಬ್ರಿಟಿಷರು ತಮ್ಮ ಲೀ-ಎನ್‌ಫೀಲ್ಡ್ ಬಂದೂಕನ್ನು ಮೊಟಕು ಮಾಡಿ ಹಗುರವಾದ ಹೊಸ ಬಂದೂಕೊಂದನ್ನು ತಯಾರಿಸಿದರು. ಮುಂದೆ 'ಜಂಗಲ್ ಕಾರ್ಬೈನ್' ಎಂದು ಹೆಸರಾದುದು ಅದೇ. ನಳಿಗೆ ಸುಮಾರು ೨೫ ಅಂಗುಲದಿಂದ ೧೮ ಮುಕ್ಕಾಲು ಅಂಗುಲಕ್ಕೆ ಇಳಿದೊಡನೆ ಉರಿಯ ಮಿಂಚು ಹೆಚ್ಚಿತು. ಅದಕ್ಕಾಗಿ ನಳಿಗೆಯ ಬಾಯಿಗೆ ಆಲಿಕೆಯಂತಹ ಒಂದು ತಗಡಿನ ಕೊಳವೆಯನ್ನು ಕೂಡಿಸಿದರು. ಇಂತಹ ಸಾಧನಗಳು ಇರುವುದು ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಎಂಬುದು ಜನಸಾಮಾನ್ಯರ ಭಾವನೆ. ಆದರೆ ಗುಂಡು ಹಾರಿಸುವವನ ಸ್ವಂತ ಕಣ್ಣನ್ನು ಉಳಿಸಿಕೊಡುವುದೇ ಅವುಗಳ ಮುಖ್ಯ ಕೆಲಸ. ಮದ್ದಿಗೆ ಪೊಟ್ಯಾಸಿಯಂ ಲವಣಗಳನ್ನು ಸ್ವಲ್ಪ ಬೆರೆಸಿ ಮೂರನೆಯ ಉರಿ ಹೊತ್ತಿಕೊಳ್ಳದಂತೆ ತಡೆಯುವುದು ಇನ್ನೊಂದು ಉಪಾಯ. ಹಾಗೆ ಮಾಡಿದರೆ ಬೆಳಕು ಕಡಮೆಯಾಗಿ ಹೊಗೆ ಹೆಚ್ಚುತ್ತದೆ.

ಚಲನಚಿತ್ರದಲ್ಲಿ ಕಾಣುವ ಮಾರುದ್ದದ ಬೆಂಕಿಯನ್ನು ಮಾತ್ರ ನಂಬಬೇಕಾದುದಿಲ್ಲ. ತೆರೆಯ ಮೇಲೆ ಚೆನ್ನಾಗಿ ಕಾಣಲೆಂದೇ ಹೆಚ್ಚು ಉರಿ ಕಾರುವ ಖಾಲಿ ತೋಟಾಗಳನ್ನು ಅಲ್ಲಿ ಬಳಸುತ್ತಿದ್ದರು. ಈಚೆಗೆ ಆ ಬೆಂಕಿಯನ್ನು ಕಂಪ್ಯೂಟರಿನಲ್ಲಿಯೇ ಬರೆದು ಸೇರಿಸುವುದೂ ಉಂಟು.

ಕಣ್ಣಿನೊಳಗಿನ ಬಣ್ಣ

ಇನ್ನು ಈ ಬೆಳಕನ್ನು ಎದುರಿಸುವ ಕಣ್ಣಿನ ಕಡೆಗೆ ತಿರುಗೋಣ. ನಮ್ಮ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನಾಕಾರದವು ಸುಮಾರು ೬೦ ಲಕ್ಷ. ಅವು ಹಗಲಿನ ಕೆಲಸಗಾರರು. ಬಣ್ಣ, ಅಕ್ಷರ, ಮುಖದ ಚಹರೆ ಇವನ್ನೆಲ್ಲ ಗುರುತಿಸುವುದು ಅವುಗಳ ಪಾಲಿನ ಕೆಲಸ. ದಂಡದಾಕಾರದವು ಸುಮಾರು ೧೨ ಕೋಟಿ. ಅವು ರಾತ್ರಿಯ ಪಹರೆಯವರು. ಅವಕ್ಕೆ ಬಣ್ಣದ ಗೊಡವೆಯಿಲ್ಲ, ಸೂಕ್ಷ್ಮ ವಿವರವೂ ತಿಳಿಯದು. ಆದರೆ ಅತ್ಯಲ್ಪ ಬೆಳಕನ್ನೂ ಅವು ಹಿಡಿಯಬಲ್ಲವು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಕ್ಟ್ ಮತ್ತು ಅವರ ಇಬ್ಬರು ಸಂಗಡಿಗರು ೧೯೪೨ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಕತ್ತಲೆಗೆ ಚೆನ್ನಾಗಿ ಪಳಗಿದ ಕಣ್ಣಿಗೆ 'ಬೆಳಕು ಕಂಡಿತು' ಎನ್ನಿಸಲು ಬೆಳಕಿನ ಕಣಗಳು ಐದರಿಂದ ಹದಿನಾಲ್ಕು ಅಕ್ಷಿಪಟಲದಲ್ಲಿ ಹೀರಲ್ಪಟ್ಟರೆ ಸಾಕು ಎಂದು ಅವರು ತೋರಿಸಿಕೊಟ್ಟರು.

ದಂಡಕೋಶಗಳಿಗೆ ಈ ಶಕ್ತಿ ಬಂದಿರುವುದು ಅವುಗಳಲ್ಲಿರುವ ಒಂದು ಕೆನ್ನೀಲಿ ಬಣ್ಣದ ದ್ರವ್ಯದಿಂದ. ೧೮೭೬ರಲ್ಲಿ ಫ್ರಾಂಜ್ ಬೋಲ್ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ಅಕ್ಷಿಪಟಲವನ್ನು ಪರೀಕ್ಷಿಸುತ್ತಿದ್ದಾಗ, ಕೆಂಪಗೆ ಕಾಣುತ್ತಿದ್ದ ಅದು ಬೆಳಕಿಗೆ ಒಡ್ಡಿದೊಡನೆ ಬಿಳಿಚಿಕೊಳ್ಳುವುದನ್ನು ಕಂಡ. ಹೈಡೆಲ್‌ಬರ್ಗಿನ ವಿಲ್ಹೆಲ್ಮ್ ಕ್ಯೂನೆ ಆ ಸಂಶೋಧನೆಯನ್ನು ಮುಂದುವರಿಸಿದ. ರೊಡಾಪ್ಸಿನ್ ಎಂದು ಕರೆಯುವ ಈ ದ್ರವ್ಯ ಬೆಳಕು ಬಿದ್ದೊಡನೆ ಒಡೆಯುತ್ತದೆ. ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳಲು 'ಎ' ಜೀವಸತ್ವ ಬೇಕು. ಅಕ್ಷಿಪಟಲದಲ್ಲಿ ಈ ಜೀವಸತ್ವವಿರುವುದನ್ನು ೧೯೩೩ರಲ್ಲಿ ಕಂಡುಹಿಡಿದ ಜಾರ್ಜ್ ವಾಲ್ಡ್ ಅವರಿಗೆ ೧೯೬೭ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ದೊರೆಯಿತು. ನುಗ್ಗೆಸೊಪ್ಪು, ಗಜ್ಜರಿ, ಪರಂಗಿಹಣ್ಣುಗಳನ್ನು ಮಕ್ಕಳಿಗೆ ತಿನ್ನಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದಲೇ. ಅಂತಹ ಆಹಾರದ ಅಭಾವದಿಂದ ಮೊದಲು ಕಾಣಿಸಿಕೊಳ್ಳುವ ದೋಷ ಇರುಳುಗುರುಡು.

ಒಡೆಯುವುದು ಕ್ಷಣದಲ್ಲಿ, ಕೂಡುವುದು ತಡವಾಗಿ - ಇದೇ ಇಡೀ ಸಮಸ್ಯೆಯ ತಿರುಳು. ಮಧ್ಯಾಹ್ನದ ಬಿಸಿಲಿನಿಂದ ಚಿತ್ರಮಂದಿರದೊಳಕ್ಕೆ ಕಾಲಿಟ್ಟವರಿಗೆ ಇದು ಗೊತ್ತು. ಮೊದಲು ಕುರ್ಚಿಯೂ ಕಾಣದೆ ಪಕ್ಕದವರ ಕಾಲು ತುಳಿಯುತ್ತೇವೆ. ಹತ್ತು ನಿಮಿಷದೊಳಗೆ ಶಂಕುಕೋಶಗಳು ತಮ್ಮಿಂದಾದಷ್ಟು ಪಳಗುತ್ತವೆ. ದಂಡಕೋಶಗಳು ಪೂರ್ತಿ ಎಚ್ಚೆತ್ತುಕೊಳ್ಳಲು ಅರ್ಧ ಗಂಟೆಗೂ ಮಿಕ್ಕಿ ಬೇಕು. ಚಿತ್ರ ಮುಗಿದು ಹೊರಗೆ ಬಂದಾಗಲಾದರೋ ಬೆಳಕಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕಾಗುವುದೇ ಇಲ್ಲ.

ಇನ್ನೊಂದು ವಿಚಿತ್ರವೂ ಇದೆ. ನಾವು ಯಾವುದನ್ನಾದರೂ ನೆಟ್ಟ ದೃಷ್ಟಿಯಿಂದ ನೋಡಿದಾಗ ಅದರ ಬಿಂಬ ಬೀಳುವ ಅಕ್ಷಿಪಟಲದ ನಟ್ಟನಡುವೆ ದಂಡಕೋಶಗಳೇ ಇಲ್ಲ. ಆದುದರಿಂದ ಕಗ್ಗತ್ತಲೆಯಲ್ಲಿ ದಿಟ್ಟಿಸಿದ ವಸ್ತು ಮಾಯವಾಗುತ್ತದೆ. ತುಸು ಓರೆಯಾಗಿ ನೋಡಿದರೆ ಮತ್ತೆ ತೋರುತ್ತದೆ. ಮಸುಕಾದ ನಕ್ಷತ್ರಗಳನ್ನು ನೋಡುವವರು ಈ ಉಪಾಯವನ್ನು ಬಲ್ಲರು. ಆದರೆ ಪಿಸ್ತೂಲಿನ ಗುರಿ ಹಿಡಿಯುವವನು ನೆಟ್ಟ ದೃಷ್ಟಿಯಿಂದಲ್ಲದೆ ಬೇರೆ ಹೇಗೆ ನೋಡಿಯಾನು?

ಮಿಂಚು ಕಣ್ಣನ್ನು ತಾಕಿದಾಗ

ಹೆಚ್ಚು ಬೆಳಕು ಬಿದ್ದಾಗ ಕಣ್ಣಪಾಪೆ ಕಿರಿದಾಗಿ ಕಣ್ಣನ್ನು ಕಾಪಾಡುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಪಾಪೆ ಕಿರಿದಾಗಲು ತೊಡಗುವುದಕ್ಕೇ ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಪಿಸ್ತೂಲಿನ ಮಿಂಚು ಹುಟ್ಟಿ, ಬೆಳಗಿ, ಆರಿಹೋಗಿರುತ್ತದೆ. ಕಳ್ಳ ಓಡಿಹೋದ ಮೇಲೆ ಬಾಗಿಲು ಹಾಕಿದಂತೆ! ಕತ್ತಲೆಯಲ್ಲಿ ಅಗಲವಾಗಿ ತೆರೆದುಕೊಂಡಿದ್ದ ಪಾಪೆಯ ಮೂಲಕ ಬರಬೇಕಾದ ಬೆಳಕೆಲ್ಲ ಒಳಗೆ ಬಂದುಬಿಟ್ಟಿರುತ್ತದೆ.

ಇಷ್ಟು ಅಲ್ಪಕಾಲದ ಬೆಳಕು ಏನು ಮಾಡೀತು ಎಂದು ಕೇಳಬಹುದು. ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಕಿರಿದಾದ ಮಿಂಚುಗಳಲ್ಲಿ ಕಣ್ಣು ಕಾಲವನ್ನು ಬೇರೆಯಾಗಿ ಎಣಿಸುವುದಿಲ್ಲ. ಒಟ್ಟು ಎಷ್ಟು ಬೆಳಕು ಬಂತೆಂಬುದಷ್ಟೇ ಅದರ ಲೆಕ್ಕ. ಫ್ರಾನ್ಸಿನ ಬ್ಲಾಕ್ ಎಂಬಾತ ೧೮೮೫ರಲ್ಲಿಯೇ ಈ ನಿಯಮವನ್ನು ಹೇಳಿದ್ದಾನೆ. ಆದುದರಿಂದ ಮಿಂಚು ಕಿರಿದಾದರೂ ಅದರ ಗುರುತು ಕಣ್ಣಿನಲ್ಲಿ ಉಳಿಯುತ್ತದೆ. ಉರಿದ ಜಾಗದ ಒಂದು ಛಾಯೆ ಕೆಲವು ಸೆಕೆಂಡುಗಳ ಕಾಲ ಕಣ್ಣ ಮುಂದೆ ತೇಲುತ್ತದೆ. ತೊಂದರೆಯೆಂದರೆ ಈ ಛಾಯೆ ಗೋಡೆಯ ಮೇಲಿನ ಕಲೆಯಂತೆ ಒಂದೆಡೆ ನಿಲ್ಲದು; ಕಣ್ಣು ತಿರುಗಿದತ್ತ ತಾನೂ ತಿರುಗುತ್ತದೆ. ಯಾವುದನ್ನು ನೋಡಬೇಕೋ ಸರಿಯಾಗಿ ಅದನ್ನೇ ಮರೆಮಾಡುತ್ತದೆ.

ನಮ್ಮ ಭಾಷೆಯಲ್ಲಿ ಕತ್ತಲೆಗೆ ಹಲವು ಮೆಟ್ಟಿಲುಗಳಿವೆ: ನಸುಗತ್ತಲೆ, ಮಬ್ಬುಗತ್ತಲೆ, ಕಗ್ಗತ್ತಲೆ. ಮಿಂಚಿನ ಪರಿಣಾಮವೂ ಈ ಮೆಟ್ಟಿಲುಗಳನ್ನೇ ಅನುಸರಿಸುತ್ತದೆ. ಬೀದಿಯ ದೀಪ ಮಿಣುಕುವ ನಸುಗತ್ತಲೆಯಲ್ಲಿ ಶಂಕುಕೋಶಗಳೂ ಸಾಕಷ್ಟು ಕೆಲಸಮಾಡುತ್ತಿರುವುದರಿಂದ ಪಿಸ್ತೂಲಿನ ಉರಿ ಒಂದು ಕಿಡಿಯಂತೆ ತೋರಿ ಮರೆಯಾಗುತ್ತದೆ. ಕಣ್ಣಿಗೆ ಹೇಳಿಕೊಳ್ಳುವಂತಹ ಅಡ್ಡಿಯಿಲ್ಲ. ಮಬ್ಬುಗತ್ತಲೆಯಲ್ಲಿ ಛಾಯೆ ತೇಲಿ, ಎದುರಿಗಿದ್ದುದು ಕ್ಷಣಕಾಲ ಕದಡುತ್ತದೆ. ಕಗ್ಗತ್ತಲೆಯಲ್ಲಿ, ಅರ್ಧ ಗಂಟೆ ಕಾದು ಗಳಿಸಿದ ದೃಷ್ಟಿಯಲ್ಲಿ ಒಂದು ಪಾಲು ಒಂದೇ ಸಿಡಿತಕ್ಕೆ ಕಳೆದುಹೋಗುತ್ತದೆ. ಒಂದು ಮಿಂಚಿಗೆ ರೊಡಾಪ್ಸಿನ್ ಎಲ್ಲವೂ ಒಡೆಯುವುದಿಲ್ಲ ನಿಜ. ಆದರೆ ಮೊದಲೇ ಕಂಡೂ ಕಾಣದಂತಿದ್ದ ಆಕೃತಿ ಸಂಪೂರ್ಣವಾಗಿ ಕತ್ತಲೆಯಲ್ಲಿ ಕರಗಲು ಅಷ್ಟೇ ಸಾಕು. ನಮ್ಮ ಕಾದಂಬರಿಯ ಪತ್ತೇದಾರನ ಎರಡನೆಯ ಗುಂಡು ಖದೀಮನ ಕಾಲಿಗೆ ತಗಲಿದುದು ಲೇಖಕನ ಕೃಪೆಯಿಂದಲೇ ಹೊರತು ಕಣ್ಣಿನ ಸಾಮರ್ಥ್ಯದಿಂದಲ್ಲ.

ಪಿಸ್ತೂಲಿನ ಗೊಡವೆಯೇ ಬೇಡವೆನ್ನುವ ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ರಾತ್ರಿ ದೀಪ ಆರಿಸಿ ಅರ್ಧ ಗಂಟೆ ಕುಳಿತಿದ್ದು, ಒಂದು ಕಣ್ಣನ್ನು ಅಂಗೈಯಿಂದ ಚೆನ್ನಾಗಿ ಮುಚ್ಚಿ, ಒಂದು ಬೆಂಕಿಕಡ್ಡಿ ಗೀರಿ ಆರಿಸಿ. ಆಮೇಲೆ ಕಣ್ಣುಗಳನ್ನು ಒಂದಾದಮೇಲೊಂದರಂತೆ ತೆರೆದು ನೋಡಿ. ಮುಚ್ಚಿದ್ದ ಕಣ್ಣಿಗೆ ಕಿಟಕಿ, ಬೀರು, ಮಂಚದ ಅಂಚು ಕಾಣುತ್ತವೆ; ತೆರೆದಿದ್ದ ಕಣ್ಣಿಗೆ ಬರಿಯ ಕತ್ತಲೆ. ಒಂದೊಂದು ಕಣ್ಣಿನ ಲೆಕ್ಕ ಬೇರೆಬೇರೆ. ಘಟ್ಟದ ರಸ್ತೆಯಲ್ಲಿ ರಾತ್ರಿ ಕಾರು ನಡೆಸುವಾಗ ಎದುರು ಬಂದ ಲಾರಿಯ ದೀಪ ದಾಟಿಹೋದ ಮೇಲೆ ಕೆಲವು ಕ್ಷಣ ರಸ್ತೆಯೇ ಕಾಣದಂತಾಗುವುದೂ ಇದೇ ಕಾರಣದಿಂದ. ಆ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿಯಿಟ್ಟು ವೇಗ ತಗ್ಗಿಸುವುದೇ ಕ್ಷೇಮಕರ.

ಷಾಂಘಾಯಿಯ ಪೊಲೀಸರು

ಈ ವಿಷಯವನ್ನು ಗ್ರಂಥಗಳಿಂದಲ್ಲದೆ ಪ್ರಾಣದ ಬೆಲೆ ಕೊಟ್ಟು ಕಲಿತವರು ಚೀನಾದ ಷಾಂಘಾಯಿ ನಗರದ ಪೊಲೀಸರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ನಗರದ ಒಂದು ದೊಡ್ಡ ಪಾಲು ವಿದೇಶೀಯರ ಆಡಳಿತದಲ್ಲಿತ್ತು. ಅಫೀಮಿನ ವ್ಯಾಪಾರ, ಜನರನ್ನು ಅಪಹರಿಸಿ ಹಣ ಕೀಳುವುದು, ಸಶಸ್ತ್ರ ದರೋಡೆ ಇವು ಅಲ್ಲಿ ನಿತ್ಯದ ಸಂಗತಿಗಳಾಗಿದ್ದುವು. ಅಲ್ಲಿನ ಪುರಸಭೆಯ ಪೊಲೀಸು ದಳದಲ್ಲಿ ಬ್ರಿಟಿಷರು, ಚೀನೀಯರು ಇದ್ದಂತೆಯೇ ನಮ್ಮ ದೇಶದಿಂದ ಹೋದ ಸಿಖ್ಖರದೂ ಒಂದು ವಿಭಾಗವಿತ್ತು.

ಈ ದಳವನ್ನು ೧೯೦೭ರಲ್ಲಿ ಸೇರಿದ ವಿಲಿಯಂ ಫೇರ್‌ಬೇರ್ನ್ ಎಂಬಾತ, ತರುವಾಯ ಎರಿಕ್ ಸೈಕ್ಸ್ ಎಂಬ ಸಂಗಡಿಗನೊಡನೆ ಪಿಸ್ತೂಲಿನ ಶಿಕ್ಷಣವನ್ನೇ ಬದಲಾಯಿಸಿದ. ಹನ್ನೆರಡೂವರೆ ವರ್ಷಗಳಲ್ಲಿ ನಡೆದ ೬೬೬ ಸಶಸ್ತ್ರ ಘರ್ಷಣೆಗಳ ದಾಖಲೆ ಅವರ ಮುಂದಿತ್ತು. ಅದರಿಂದ ತಿಳಿದುಬಂದುದಿಷ್ಟು: ಇಂತಹ ಘರ್ಷಣೆ ನಡೆಯುವುದು ಹಗಲು ಹೊತ್ತಿನ ಅಭ್ಯಾಸದ ಮೈದಾನದಲ್ಲಲ್ಲ, ಇಕ್ಕಟ್ಟಿನ ಓಣಿಯಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ಮಂದ ಬೆಳಕಿನಲ್ಲಿ, ನಾಲ್ಕು ಗಜದೊಳಗಿನ ದೂರದಲ್ಲಿ. ಪಿಸ್ತೂಲಿನ ನಳಿಗೆಯ ತುದಿಯ ಗುರಿಮೊನೆ ಆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕಂಡರೂ ಅದನ್ನು ನೋಡಲು ವೇಳೆಯಿಲ್ಲ. ಆದುದರಿಂದ ಮೊನೆಯನ್ನು ಮರೆತು, ಬೆರಳು ತೋರಿಸಿದಷ್ಟು ಸಹಜವಾಗಿ ಕೈಚಾಚುವ ಪದ್ಧತಿಯನ್ನು ಅವರು ಕಲಿಸಿದರು. ಕತ್ತಲೆಯ ಮೂಲೆಗಳಿಂದ ಬೊಂಬೆಗಳು ಹಠಾತ್ತನೆ ಎದುರಾಗುವಂತೆ ಒಂದು ಮನೆಯನ್ನೇ ಸಜ್ಜುಗೊಳಿಸಿ ಅಲ್ಲಿ ಶಿಕ್ಷಣ ಕೊಟ್ಟರು. ಈ ಅನುಭವವನ್ನು ಅವರಿಬ್ಬರೂ ೧೯೪೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಆಮೇಲೆ ಬಂದ ಪೊಲೀಸರು ಒಂದು ಕೈಯಲ್ಲಿ ಟಾರ್ಚು ಹಿಡಿಯಲು ಕಲಿತರು. ಬೆಳಕನ್ನು ಕಂಡು ಎದುರಾಳಿ ಅದರತ್ತಲೇ ಗುಂಡು ಹಾರಿಸುವನೆಂದು ಟಾರ್ಚು ಹಿಡಿದ ಕೈಯನ್ನು ಮೈಯಿಂದ ದೂರ ಚಾಚುವುದು ಅಮೆರಿಕದ ಹಳೆಯ ಪದ್ಧತಿ. ಗುರಿಮೊನೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ದ್ರವ್ಯದ ಬೊಟ್ಟನ್ನಿಟ್ಟು ಕತ್ತಲೆಯಲ್ಲಿಯೂ ಅದು ಮಿನುಗುವಂತೆ ಮಾಡಿದರು. ಆ ಮಿನುಗು ಸುಮಾರು ಹನ್ನೆರಡು ವರ್ಷಗಳಿಗೆ ಅರ್ಧಕ್ಕಿಳಿಯುತ್ತದೆ.

ಇವೆಲ್ಲವೂ ಜಾಣ್ಮೆಯ ಉಪಾಯಗಳೇ. ಆದರೆ ಇವುಗಳಲ್ಲಿ ಒಂದು ಭೇದವನ್ನು ನಾವು ಗಮನಿಸಬೇಕು. ಬೆರಳು ತೋರುವಂತಹ ಗುರಿಯೂ ಮಿನುಗುವ ಮೊನೆಯೂ ಪಿಸ್ತೂಲು ಎತ್ತ ತಿರುಗಿದೆ ಎಂಬುದನ್ನು ಹೇಳಬಲ್ಲವು. ಅದು ತಿರುಗಿರುವ ಕಡೆ ನಿಂತಿರುವವರು ಯಾರು ಎಂಬುದನ್ನು ಹೇಳಬಲ್ಲುದು ಟಾರ್ಚಿನ ಬೆಳಕು ಮಾತ್ರ.

ಶಬ್ದವೇಧಿ

ಈ ಭೇದವನ್ನು ನಮ್ಮ ಹಿಂದಿನವರು ಬಲು ಹಿಂದೆಯೇ ಕಂಡುಕೊಂಡಿದ್ದರು. ರಾಮಾಯಣದ ದಶರಥನಿಗೆ ಶಬ್ದವೇಧಿ ವಿದ್ಯೆ ಸಿದ್ಧಿಸಿತ್ತು. ಮಳೆಗಾಲದ ಒಂದು ರಾತ್ರಿ, ಸರಯೂ ನದಿಯ ದಡದಲ್ಲಿ, ನೀರಿನಲ್ಲಿ ಕೊಡ ಮುಳುಗುವ ಸದ್ದನ್ನು ಕೇಳಿ ಆನೆ ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟ. ಬಾಣ ಗುರಿ ತಪ್ಪಲಿಲ್ಲ. ವಿದ್ಯೆಯಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಬಿದ್ದವನು ಮಾತ್ರ ಆನೆಯಲ್ಲ. ಕುರುಡ ತಂದೆತಾಯಿಗಳಿಗೆ ನೀರು ಒಯ್ಯಲು ಬಂದಿದ್ದ ತಾಪಸ ಕುಮಾರ. ಕಥೆಯಲ್ಲಿ ಶ್ರವಣಕುಮಾರನೆಂದು ನಾವೆಲ್ಲ ಕೇಳಿರುವುದು ಅವನ ಹೆಸರನ್ನೇ. ಆ ಶಾಪ ಅಯೋಧ್ಯೆಯ ಅರಮನೆಯವರೆಗೆ ಬಂದುದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಗುರಿ ಹಿಡಿಯುವ ವಿದ್ಯೆ ಬೇರೆ, ಗುರುತು ಹಿಡಿಯುವ ವಿವೇಕ ಬೇರೆ ಎಂಬುದಕ್ಕೆ ಇದಕ್ಕಿಂತ ದಾರುಣವಾದ ದೃಷ್ಟಾಂತ ಬೇಕೆ?

ಇದೇ ಬಗೆಯ ಇನ್ನೊಂದು ರಾತ್ರಿಯನ್ನು ಜಿಮ್ ಕಾರ್ಬೆಟ್ ವರ್ಣಿಸಿದ್ದಾರೆ. ಗಢವಾಲದ ರುದ್ರಪ್ರಯಾಗದ ನರಭಕ್ಷಕ ಚಿರತೆ ಎಂಟು ವರ್ಷಗಳಲ್ಲಿ, ಸರಕಾರದ ಲೆಕ್ಕದ ಪ್ರಕಾರ, ೧೨೫ ಜನರನ್ನು ಕೊಂದಿತ್ತು. ೧೯೨೬ರ ಮೇ ತಿಂಗಳ ಆರಂಭದಲ್ಲಿ ಕಾರ್ಬೆಟ್ ಗೋಲಾಬ್ರಾಯಿಯ ಮಾವಿನಮರದ ಮೇಲೆ ಬಂದೂಕು ಹಿಡಿದು ಕುಳಿತಿದ್ದರು. ಕೆಳಗೆ ಕಟ್ಟಿದ್ದ ಆಡಿನ ಕೊರಳಲ್ಲಿ ಒಂದು ಗಂಟೆ. ಕಗ್ಗತ್ತಲೆಯಲ್ಲಿ ಆ ಗಂಟೆ ಥಟ್ಟನೆ ಸದ್ದುಮಾಡಿತು. ಅವರು ಸದ್ದಿನತ್ತ ಗುಂಡು ಹಾರಿಸಲಿಲ್ಲ. ಬಂದೂಕಿಗೆ ಕೂಡಿಸಿದ್ದ ಟಾರ್ಚಿನ ಗುಂಡಿಯನ್ನೊತ್ತಿದರು. ಬೆಳಕಿನಲ್ಲಿ ಚಿರತೆಯ ಭುಜ ನಿಚ್ಚಳವಾಗಿ ಕಂಡಿತು. ಆಗ ಗುಂಡು ಹಾರಿತು. ಅದೇ ಕ್ಷಣಕ್ಕೆ ಟಾರ್ಚು ಆರಿಹೋಯಿತು. ಚಿರತೆ ಸತ್ತಿತೋ ಬದುಕಿತೋ ಎಂಬುದನ್ನು ತಿಳಿಯದೆ ಅವರು ಬೆಳಗಿನ ಜಾವದವರೆಗೂ ಮರದ ಮೇಲೆಯೇ ಕಾಯಬೇಕಾಯಿತು. ಸದ್ದಿಗೂ ಗುಂಡಿಗೂ ನಡುವೆ ಒಂದು ಕ್ಷಣದ ಬೆಳಕು! ದಶರಥನಿಗೂ ಕಾರ್ಬೆಟ್ಟರಿಗೂ ಇದ್ದ ಅಂತರ ಅಷ್ಟೇ.

ದೀಪದ ಗುಂಡಿ

ಇದು ಪುರಾಣಕ್ಕೂ ಕಾಡಿಗೂ ಮೀಸಲಾದ ಮಾತಲ್ಲ. ೨೦೧೩ರ ಫೆಬ್ರುವರಿ ೧೪ರ ಬೆಳಗಿನ ಜಾವ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಪ್ರಸಿದ್ಧ ಓಟಗಾರ ಆಸ್ಕರ್ ಪಿಸ್ಟೋರಿಯಸ್ ತನ್ನ ಮನೆಯ ಶೌಚಗೃಹದ ಮುಚ್ಚಿದ ಬಾಗಿಲಿನ ಮೂಲಕ ಪಿಸ್ತೂಲಿನಿಂದ ನಾಲ್ಕು ಗುಂಡುಗಳನ್ನು ಹಾರಿಸಿದ. ಒಳಗಿದ್ದುದು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್, ಆಕೆ ಅಸುನೀಗಿದಳು. ಕೋಣೆಯಲ್ಲಿ ಕತ್ತಲೆ ಕವಿದಿತ್ತು, ಸದ್ದು ಕೇಳಿಸಿತು, ಯಾರೋ ಕಳ್ಳ ಒಳಹೊಕ್ಕಿದ್ದಾನೆಂದು ಭಾವಿಸಿದೆ ಎಂಬುದು ಅವನ ಹೇಳಿಕೆ. ಸರಕಾರದ ಪರ ವಕೀಲರು ಅದನ್ನು ಒಪ್ಪಲಿಲ್ಲ. ಆದರೆ ೨೦೧೫ರ ಡಿಸೆಂಬರಿನಲ್ಲಿ ಅಲ್ಲಿನ ಮೇಲ್ಮನವಿಯ ಶ್ರೇಷ್ಠ ನ್ಯಾಯಾಲಯ ಹೇಳಿದ ಮಾತು ಈ ವಿವಾದವನ್ನೇ ಮೀರಿದುದು. ಬಾಗಿಲಿನ ಹಿಂದೆ ಇದ್ದವರು ಯಾರೇ ಆಗಿರಲಿ, ಗುಂಡು ಹಾರಿಸಿದರೆ ಅವರು ಸಾಯಬಹುದೆಂಬುದು ಅವನಿಗೆ ತಿಳಿದೇ ಇತ್ತು. ಆದುದರಿಂದ ಇದು ಕೊಲೆಯೇ ಎಂಬುದು ಆ ನ್ಯಾಯಾಲಯದ ತೀರ್ಮಾನ. ೨೦೧೭ರಲ್ಲಿ ಅವನ ಶಿಕ್ಷೆಯನ್ನು ೧೩ ವರ್ಷ ೫ ತಿಂಗಳಿಗೆ ಏರಿಸಲಾಯಿತು. ೨೦೨೪ರ ಜನವರಿಯಲ್ಲಿ ಅವನು ಷರತ್ತುಗಳ ಮೇಲೆ ಬಿಡುಗಡೆ ಹೊಂದಿದ.

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ೨೦೧೯ರ ತಿದ್ದುಪಡಿಯಿಂದ ಸಾಮಾನ್ಯ ಪರವಾನಗಿದಾರನೊಬ್ಬ ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಹೊಂದುವಂತಿಲ್ಲ. ಹೀಗಿದ್ದರೂ ಆತ್ಮರಕ್ಷಣೆಗಾಗಿ ಒಂದು ಚಿಕ್ಕ ರಿವಾಲ್ವರ್ ಇದ್ದರೆ ಧೈರ್ಯವೆಂದು ಯೋಚಿಸುವ ಗೃಹಸ್ಥರಿದ್ದಾರೆ. ೨೦೧೪ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಹೆಸರಿನ ಹಗುರವಾದ ರಿವಾಲ್ವರನ್ನು ಹೊರತಂದುದು ಮಹಿಳೆಯರ ರಕ್ಷಣೆಯನ್ನು ಉದ್ದೇಶಿಸಿಯೇ. ಅಂತಹ ಆಯುಧವನ್ನು ಇಡಬೇಕೇ ಬೇಡವೇ ಎಂಬುದನ್ನು ಅವರವರು ಕಾನೂನಿಗೆ ಒಳಪಟ್ಟು ನಿರ್ಧರಿಸಲಿ. ಆದರೆ ಅದನ್ನು ದಿಂಬಿನಡಿಯಲ್ಲಿ ಇಟ್ಟುಕೊಂಡು ಮಲಗುವವರು ಕಣ್ಣಿನ ಈ ಸ್ವಭಾವವನ್ನು ತಿಳಿದಿರಬೇಕು.

ಅಪರಾತ್ರಿಯಲ್ಲಿ ಅಡಿಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತೆನ್ನಿ. ಸದ್ದು ಮಾಡಿದುದು ಬೆಕ್ಕಾಗಿರಬಹುದು. ನೀರು ಕುಡಿಯಲೆದ್ದ ಮಗಳಾಗಿರಬಹುದು. ಕಡೆಯ ಬಸ್ಸಿಗೆ ಊರಿನಿಂದ ಬಂದು, ಮನೆಯವರ ನಿದ್ದೆ ಕೆಡಿಸಬಾರದೆಂದು ಹಿತ್ತಲ ಬಾಗಿಲಿನಿಂದ ಮೆಲ್ಲನೆ ಒಳಬಂದ ತಮ್ಮನಾಗಿರಬಹುದು. ಇವರೆಲ್ಲರೂ ಕತ್ತಲೆಯಲ್ಲಿ ಒಂದೇ ಬಗೆಯ ಕರಿಯ ಆಕೃತಿಗಳು. ಪಿಸ್ತೂಲಿನ ಉರಿಯಿಂದ ಕಣ್ಣು ಮಂಕಾದೀತೆಂದು ಅಂಜಬೇಕಾದಷ್ಟು ಕತ್ತಲೆಯಿದ್ದರೆ, ಮಗಳನ್ನೂ ಕಳ್ಳನನ್ನೂ ಬೇರ್ಪಡಿಸಿ ಗುರುತಿಸಲು ಸಾಕಾಗುವಷ್ಟು ಬೆಳಕು ಅಲ್ಲಿಲ್ಲವೆಂದೇ ಅರ್ಥ. ಗುರುತಿಸುವಷ್ಟು ಬೆಳಕಿದ್ದಲ್ಲಿ ಆ ಉರಿ ಕಣ್ಣಿಗೆ ದೊಡ್ಡ ಅಡ್ಡಿಯೇ ಅಲ್ಲ. 'ಉರಿ ಕಣ್ಣನ್ನು ಕೆಡಿಸುತ್ತದೆಯೇ?' ಎಂಬ ಪ್ರಶ್ನೆಗೆ ಶಾಸ್ತ್ರ ಕೊಡುವ ಉತ್ತರದೊಳಗೆ 'ಅಲ್ಲಿ ಗುಂಡು ಹಾರಿಸಬಹುದೇ?' ಎಂಬುದರ ಉತ್ತರವೂ ಅಡಗಿದೆ.

ಉರಿಯಿಂದ ಮಂಕಾದ ಕಣ್ಣು ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಒಡೆದ ರೊಡಾಪ್ಸಿನ್ ಅರ್ಧ ಗಂಟೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ನಳಿಗೆಯಿಂದ ಹೊರಟ ಗುಂಡನ್ನು ಹಿಂದಕ್ಕೆ ಕರೆಯುವ ವಿದ್ಯೆಯನ್ನು ಯಾವ ಶಾಸ್ತ್ರವೂ ಕಂಡುಹಿಡಿದಿಲ್ಲ. ಆದುದರಿಂದ ರಾತ್ರಿ ಸದ್ದು ಕೇಳಿದರೆ ಮೊದಲು ದೀಪದ ಗುಂಡಿಯನ್ನೊತ್ತಬೇಕು, 'ಯಾರದು?' ಎಂದು ಗಟ್ಟಿಯಾಗಿ ಕೂಗಬೇಕು; ಮನೆಯವರು ಎಲ್ಲೆಲ್ಲಿದ್ದಾರೆಂದು ಎಣಿಸಿಕೊಳ್ಳಬೇಕು; ಸಂಶಯವಿದ್ದರೆ ಬಾಗಿಲು ಭದ್ರಪಡಿಸಿ ೧೧೨ ಸಂಖ್ಯೆಗೆ ದೂರವಾಣಿ ಮಾಡಬೇಕು. ಮಂಚದ ಪಕ್ಕದಲ್ಲಿ ಕೈಗೆ ಸಿಗುವಂತೆ ಒಂದು ಟಾರ್ಚು ಇದ್ದರೆ ಇನ್ನೂ ಒಳ್ಳೆಯದು. ಅದರ ಬ್ಯಾಟರಿಯನ್ನು ಆಗಾಗ ಪರೀಕ್ಷಿಸಿಡುವುದನ್ನು ಮರೆಯದಿರಿ.